ಆನರ್ಸ್ ಕೋಣೆಯೂ ನಮ್ಮ ನಾಲ್ಕು ಮಗ್ಗಗಳೂ

ಮೂವರು ದೊಡ್ಡವರು ಮೇಜಿನ ಆಚೆ ಕೂತಿದ್ದರು. ಕೂತವರೇ ನನ್ನನ್ನು ಹೊಗಳಲು ಶುರು ಮಾಡಿದರು. ನನ್ನ ಅರ್ಜಿ ಅದ್ಭುತವಾಗಿದೆಯಂತೆ, ನನ್ನ ಕಥೆ ಓದಿ ಖುಷಿಯಾಯಿತಂತೆ, ನನ್ನಂಥವಳು ಅವರಿಗೆ ಬೇಕೇ ಬೇಕಂತೆ. ನಾನು ಶೂ ಒಳಗೆ ಕಾಲ್ಬೆರಳು ಮುದುರಿಕೊಂಡು ಕೂತೆ. ದೊಡ್ಡಬಳ್ಳಾಪುರದಲ್ಲಿ ಹುಟ್ಟಿ, ಪಿಯುಸಿ ಮುಗಿದದ್ದೇ ಸೀರೆ ಕಟ್ಟು ಹೊತ್ತು ಮೂರು ವರ್ಷ ಚಿಕ್ಕಪೇಟೆಯ ಸಗಟು ಅಂಗಡಿಗಳ ಮೆಟ್ಟಿಲು ಹತ್ತಿದವಳು ನಾನು. ಬೆಲೆ ಮಾತಾಡುವ ಮೊದಲೇ ಮಾಲು ಚೆನ್ನಾಗಿದೆ ಅನ್ನುವ ಗಿರಾಕಿಯನ್ನು ಒಬ್ಬನನ್ನೂ ನೋಡಿರಲಿಲ್ಲ. ಇದರಲ್ಲಿ ಏನೋ ಮೋಸ ಇದೆ ಅಂದುಕೊಂಡೆ.

ನಡುವೆ ಕೂತಿದ್ದಾಕೆ ಕೇಳಿದರು: ಈ ಆನರ್ಸ್ ಪ್ರೋಗ್ರಾಂ ನಿನಗೆ ಯಾಕೆ ಬೇಕು?

ನಾನು ಕುರ್ಚಿಗೆ ಒರಗಿಕೊಂಡೆ. ಅಂಥ ವಿಶೇಷವೇನೂ ನನಗೆ ಕಾಣಲಿಲ್ಲ, ನೋಡೋಣ, ಇನ್ನೂ ಒಂದೆರಡು ಕಡೆ ವಿಚಾರಿಸುತ್ತಿದ್ದೇನೆ ಅಂದೆ. ಎಲ್ಲೂ ವಿಚಾರಿಸುತ್ತಿರಲಿಲ್ಲ. ನನ್ನ ಪ್ರಕಾರ ಅದು ಒಳ್ಳೆಯ ಉತ್ತರ; ಈಗ ಅವರು ಇನ್ನೂ ಸ್ವಲ್ಪ ಕೊಡುತ್ತೇವೆ ಅನ್ನಬೇಕು. ಅವರು ನಕ್ಕು, ಧನ್ಯವಾದ ಹೇಳಿ, ಎದ್ದು ನಿಂತರು. ವಾರದ ನಂತರ ಪತ್ರ ಬಂತು. ನನಗೆ ಆಸಕ್ತಿ ಇಲ್ಲವೆಂದು ಅವರಿಗೆ ಅರ್ಥವಾಗಿದೆ, ನನ್ನ ನಿರ್ಧಾರವನ್ನು ಅವರು ಗೌರವಿಸುತ್ತಾರೆ.

ಆನರ್ಸ್ ಅಂದರೆ ಏನೆಂದು ಊರಿನವರಿಗೆ ಹೇಳಬೇಕು. ನಮ್ಮಲ್ಲಿ ಬಿ.ಎ. ಆನರ್ಸ್ ಅನ್ನುತ್ತಾರಲ್ಲ, ಹಾಗಲ್ಲ. ನಾನಿರುವುದು ಅಮೆರಿಕದ ನಡುಭಾಗದಲ್ಲಿ, ಸುತ್ತ ಮುಸುಕಿನ ಜೋಳದ ಹೊಲಗಳಿರುವ ಊರಿನ ವಿಶ್ವವಿದ್ಯಾಲಯದಲ್ಲಿ. ಸ್ಕಾಲರ್‌ಶಿಪ್ ಸಿಕ್ಕಿ ಬಟ್ಟೆ ತಯಾರಿಕೆ ಓದಲು ಬಂದೆ. ಇಲ್ಲಿ ಸಾವಿರಾರು ವಿದ್ಯಾರ್ಥಿಗಳು. ಅವರೊಳಗಿಂದ ಒಂದು ಸಣ್ಣ ಗುಂಪನ್ನು ಆರಿಸಿ ಬೇರೆಯಾಗಿ ನೋಡಿಕೊಳ್ಳುತ್ತಾರೆ. ಫೀಸು ಅದೇ, ಡಿಗ್ರಿಯೂ ಅದೇ, ಆದರೆ ನಡೆಯುವ ದಾರಿ ಬೇರೆ. ಕೊನೆಯ ವರ್ಷ ಒಬ್ಬ ಮೇಷ್ಟ್ರ ಕೈಕೆಳಗೆ ಸ್ವಂತ ವಿಷಯದ ಮೇಲೆ ಪುಸ್ತಕದಷ್ಟು ಬರೆಯಬೇಕು. ನನಗೆ ಬೇಕಿದ್ದದ್ದೇ ಅದು. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಅವುಗಳಲ್ಲಿ ಸಗಟು ಅಂಗಡಿಯವರು ಹೇಳಿದ ಸೀರೆ ಬಿಟ್ಟು ಬೇರೆ ಏನು ನೇಯಬಹುದು, ನಾವೇ ನೇರವಾಗಿ ಹೇಗೆ ಮಾರಬಹುದು ಅಂತ ಪೂರ್ತಿ ಕಲಿತು, ವಾಪಸು ಹೋಗಿ ನಾನೇ ನಡೆಸಬೇಕು ಅಂತಿತ್ತು. ಇದನ್ನು ಯಾರಿಗೂ ಹೇಳಿರಲಿಲ್ಲ.

ಹೇಳದಿರುವುದು ನಮಗೆ ಕಲಿಸಿದ ವಿದ್ಯೆ. ನನಗೆ ಹತ್ತು ವರ್ಷವಿದ್ದಾಗ ಅಪ್ಪ ನಾಲ್ಕನೆಯ ಮಗ್ಗ ಕೊಳ್ಳಲು ನನ್ನನ್ನೂ ಕರೆದುಕೊಂಡು ಹೋಗಿದ್ದ. ಯಾರೋ ನಡೆಸಿ ಬಿಟ್ಟದ್ದು. ಒಳಗೆ ಹೋಗುವ ಮೊದಲೇ, "ಲೇ, ಅದನ್ನ ನೋಡ್ಬೇಡ. ಬೇರೆ ಕಡೆ ನೋಡ್ತಾ ನಿಂತ್ಕೋ" ಅಂದ. ಆಮೇಲೆ ಮಗ್ಗಕ್ಕೆ ಕಾಲಲ್ಲಿ ಒಮ್ಮೆ ಒದ್ದು, "ಏನಿದೆ ಇದ್ರಲ್ಲಿ, ಬರೀ ತುಕ್ಕು ಕಬ್ಬಿಣ. ಇದನ್ನ ತಗೊಂಡು ಏನ್ ಮಾಡ್ಲಿ ಗುರು" ಅಂದ. ಮೂರು ಸಲ ಹೊರಟು ಮೂರು ಸಲ ತಿರುಗಿ ಬಂದ. ಕೊಂಡ ಮೇಲೆ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಗುತ್ತಿದ್ದ. "ಆ ಥರದ ಮಗ್ಗ ಇನ್ನು ಸಿಗಲ್ಲ ಕಣಮ್ಮಾ. ಒದ್ದಾಗ ಎಂಥಾ ಸದ್ದು ಬಂತು ಕೇಳಿಸ್ಕೊಂಡ್ಯಾ?"

ಅಪ್ಪನ ಆ ವಿದ್ಯೆ ಚಿಕ್ಕಪೇಟೆಯಲ್ಲಿ ನನ್ನನ್ನು ಕಾಪಾಡಿತ್ತು. ಇಲ್ಲಿ ಮೊದಲ ವರ್ಷವನ್ನೇ ತಿಂದುಹಾಕಿತು. ಆನರ್ಸ್‌ನವರ ಹಾಸ್ಟೆಲ್ ತರಗತಿಗಳ ಎದುರಿಗೇ ಇತ್ತು; ನನಗೆ ಸಿಕ್ಕಿದ್ದು ಊರಾಚೆ ಒಂದು ಮನೆಯ ಬೇಸ್‌ಮೆಂಟ್, ಅಂದರೆ ನೆಲದ ಕೆಳಗಿನ ಕೋಣೆ. ಕಿಟಕಿ ತಲೆಯ ಮೇಲೆ. ಅದರಿಂದ ಕಾಣುವುದು ಹುಲ್ಲು, ಆಮೇಲೆ ಹಿಮ. ನಮ್ಮ ಬೀದಿಯಲ್ಲಿ ಮಗ್ಗಗಳ ಸದ್ದಿನಲ್ಲಿ ಕೂಗಿಯೇ ಮಾತಾಡಬೇಕು. ಹಾಗಾಗಿ ಇಲ್ಲಿಯೂ ಅಂಗಡಿಯಲ್ಲಿ ಹಾಲು ಕೇಳಿದರೆ ಜನ ತಿರುಗಿ ನೋಡುತ್ತಿದ್ದರು. ರಾಗಿ ಹಿಟ್ಟು ಬೇಕೆಂದರೆ ಮೂರು ಗಂಟೆ ಪ್ರಯಾಣ. ಬ್ರೆಡ್ಡಿಗೆ ಕಡಲೆಕಾಯಿ ಬೀಜದ ಪೇಸ್ಟು ಹಚ್ಚಿ, ಮೇಲೆ ಮನೆಯಿಂದ ತಂದ ಉಪ್ಪಿನಕಾಯಿ ಸವರಿ ತಿಂದು ಒಂದು ಚಳಿಗಾಲ ಕಳೆದೆ. ತರಗತಿ ಆರಿಸುವ ಸರದಿಯಲ್ಲೂ ನಾನು ಕೊನೆ. ನೇಯ್ಗೆ ವಿನ್ಯಾಸದ ತರಗತಿ ಭರ್ತಿಯಾಗಿತ್ತು. ಮುನ್ನೂರು ಜನರ ಹಾಲ್‌ನಲ್ಲಿ ಕೂತು, ನನಗೆ ಬೇಡದ ಪಾಠ ಕೇಳಿದೆ.

ಇಲ್ಲಿ ಆಫೀಸ್ ಅವರ್ಸ್ ಅಂತ ಒಂದಿದೆ. ವಾರಕ್ಕೆರಡು ಸಲ ಮೇಷ್ಟ್ರು ತಮ್ಮ ಕೋಣೆಯ ಬಾಗಿಲು ತೆಗೆದು, ಯಾರಾದರೂ ಬಂದು ಏನಾದರೂ ಕೇಳಲಿ ಅಂತ ಸುಮ್ಮನೆ ಕೂತಿರುತ್ತಾರೆ. ಹೆಚ್ಚಿನವರು ಹೋಗುವುದಿಲ್ಲ. ಊರಿನ ಮಕ್ಕಳಿಗೆ ನನ್ನ ಮೊದಲ ಬುದ್ಧಿಮಾತು: ಹೋಗಿ. ನಾನು ಹೋದದ್ದು ಕ್ಯಾರನ್ ಎಂಬ ಮೇಡಂ ಹತ್ತಿರ. ನಡೆದದ್ದನ್ನೆಲ್ಲ ಹೇಳಿದೆ. ಆಕೆ ನಗಲಿಲ್ಲ. ನಿನಗೆ ಅದು ಬೇಕಿತ್ತಾ ಅಂತ ಕೇಳಿದರು. ಹೂಂ ಅಂದೆ. ಹಾಗಾದರೆ ಬೇಕು ಅಂತ ಹೇಳು, ಯಾಕೆ ಬೇಕು ಅಂತಲೂ ಹೇಳು, ಇಲ್ಲಿ ಅದಕ್ಕೆ ದಂಡ ಇಲ್ಲ ಅಂದರು.

ಆ ಒಂದು ಮಾತು ಬಾಯಿಗೆ ಬರಲು ತಿಂಗಳುಗಳೇ ಹಿಡಿದವು. ಪಾತ್ರೆ ತೊಳೆಯುತ್ತ ಗೋಡೆಗೆ ಹೇಳಿ ಅಭ್ಯಾಸ ಮಾಡಿದೆ. ಮಾರನೆಯ ವರ್ಷ ಅದೇ ಮೇಜು, ಅದೇ ಮೂವರು. ನನಗಿದು ಬೇಕು ಅಂದೆ. ನಮ್ಮಪ್ಪನ ನಾಲ್ಕು ಮಗ್ಗಗಳ ಬಗ್ಗೆ ಹೇಳಿದೆ, ಓದು ಮುಗಿಸಿ ಹೋಗಿ ಅವನ್ನು ನಾನೇ ನಡೆಸುತ್ತೇನೆ ಅಂದೆ. ಅವರಲ್ಲಿ ಒಬ್ಬರ ಕಣ್ಣು ಒದ್ದೆಯಾಯಿತು. ಸೇರಿಸಿಕೊಂಡರು.

ಸೇರಿದರೆ ಏನು ಸಿಗುತ್ತದೆ ಅಂತ ಊರಿನಿಂದ ಕೇಳುವವರಿದ್ದಾರೆ. ಮುಚ್ಚಿಡುವುದಿಲ್ಲ. ಎರಡನೆಯ ಮಹಡಿಯಲ್ಲಿ ಒಬ್ಬಳಿಗೇ ಕೋಣೆ, ಕಿಟಕಿ ಕಣ್ಣಿನ ಮಟ್ಟಕ್ಕೆ. ತರಗತಿಗಳನ್ನು ಎಲ್ಲರಿಗಿಂತ ವಾರ ಮೊದಲೇ ಆರಿಸಬಹುದು. ಬರೀ ಇದೊಂದಕ್ಕಾದರೂ ಸೇರಿ. ಹದಿನೈದೇ ಜನರ ತರಗತಿ, ಮೇಷ್ಟ್ರಿಗೆ ನಿಮ್ಮ ಹೆಸರು ಗೊತ್ತಿರುತ್ತದೆ, ಮುಂದೆ ಕೆಲಸಕ್ಕೆ ಶಿಫಾರಸು ಬರೆಯುವವರು ಅವರೇ. ಲೈಬ್ರರಿ ಪುಸ್ತಕ ವರ್ಷಪೂರ್ತಿ ಇಟ್ಟುಕೊಳ್ಳಬಹುದು. ಕೊನೆಯ ವರ್ಷದ ಪ್ರಬಂಧದ ಕೆಲಸಕ್ಕೆ ಓಡಾಟದ ಖರ್ಚು ಕೊಡುತ್ತಾರೆ. ಅರ್ಜಿ ಬೇಗ ಹಾಕಿ, ಒಂದು ಸಲ ಬೇಡ ಅಂದರೆ ಮತ್ತೆ ಕೇಳಿ. ಇಲ್ಲಿ ಮತ್ತೆ ಕೇಳುವವರನ್ನು ಯಾರೂ ಕೀಳಾಗಿ ನೋಡುವುದಿಲ್ಲ. ಮತ್ತೆ ದಯವಿಟ್ಟು ನನ್ನ ಹಾಗೆ ಕುರ್ಚಿಗೆ ಒರಗಿ ಕೂರಬೇಡಿ.

ಆನರ್ಸ್ ಕಲಿಸಿದ್ದು ಇನ್ನೂ ಒಂದಿದೆ. ಜನ ಹೇಳಿದ್ದನ್ನು ಹೇಳಿದ ಹಾಗೇ ನಂಬುವುದು. ಒಂದು ವರ್ಷದಲ್ಲಿ ಅದು ರಕ್ತಕ್ಕೇ ಇಳಿದುಬಿಟ್ಟಿತು.

ಮೂರನೆಯ ವರ್ಷ, ತರಗತಿಗೆ ಓಡುತ್ತಿದ್ದಾಗ ಅಪ್ಪನ ಫೋನು.

"ಹಳೇ ಮಗ್ಗ ತಗೊಳ್ಳೋರು ಬಂದವ್ರೆ ಕಣಮ್ಮಾ. ನಾಲ್ಕೂ ಕೇಳ್ತವ್ರೆ."

"ಹೌದಾ?"

"ಏನಿದೆ ಅದ್ರಲ್ಲಿ, ಬರೀ ತುಕ್ಕು ಕಬ್ಬಿಣ. ಕೊಟ್ಬಿಡೋಣ ಅಂತಿದೀನಿ. ನೀನೇನಂತೀಯಾ?"

ಓಡುತ್ತಿದ್ದವಳು ನಿಂತೆ. ಆದರೆ ಕೊಡಬೇಕು ಅಂತ ಅವನೇ ಹೇಳುತ್ತಿದ್ದಾನಲ್ಲ ಅಂದುಕೊಂಡೆ. ಕೆಲಸದವರು ಸಿಗದೆ ಸಾಕಾಗಿದ್ದಾನೆ, ನನ್ನ ಆಸೆಗೆ ಅವನನ್ನು ಕಟ್ಟಿಹಾಕಬಾರದು ಅಂದುಕೊಂಡೆ. ದೊಡ್ಡ ಮನಸ್ಸು ಮಾಡುತ್ತಿದ್ದೇನೆ ಅಂತ ಹೆಮ್ಮೆಯೂ ಆಯಿತು.

"ನಿನ್ನಿಷ್ಟ ಅಪ್ಪಾ. ನೀನೇನ್ ತೀರ್ಮಾನ ಮಾಡಿದ್ರೂ ನಾನು ಗೌರವಿಸ್ತೀನಿ."

ಆ ಕಡೆ ಮಗ್ಗದ ಸದ್ದು ಕೇಳಿಸುತ್ತಲೇ ಇತ್ತು.

"ಗೌರವಾನಾ?" ಅಂದ ಅಪ್ಪ. "ಸರಿ ಬಿಡು. ಊಟ ಆಯ್ತಾ?"

ಬೇಸಿಗೆಯಲ್ಲಿ, ಅದೇ ಆನರ್ಸ್‌ನವರು ಕೊಟ್ಟ ಖರ್ಚಿನಲ್ಲಿ, ನಮ್ಮ ಮಗ್ಗಗಳ ಮೇಲೆ ಬರೆಯಲು ಊರಿಗೆ ಹೋದೆ. ಅಪ್ಪ ಮಾರಿದ ವಿಷಯ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮನಸ್ಸು ಬದಲಾಯಿಸಿರುತ್ತಾನೆ ಅಂತ ನನ್ನಷ್ಟಕ್ಕೆ ನಾನೇ ಅಂದುಕೊಂಡಿದ್ದೆ. ಶೆಡ್ಡಿನ ಬಾಗಿಲು ತೆಗೆದರೆ ಪಕ್ಕದ ಮನೆಯವರ ಎರಡು ಸ್ಕೂಟರ್ ನಿಂತಿದ್ದವು. ನೆಲದಲ್ಲಿ ಬೋಲ್ಟು ಕಿತ್ತ ತೂತುಗಳು, ಸುತ್ತ ಎಣ್ಣೆಯ ಕರೆ. ನನಗಿಂತ ಮೊದಲೇ ಆ ಮನೆಯಲ್ಲಿದ್ದ ಸದ್ದು ಇರಲಿಲ್ಲ.

ಅಮ್ಮ ಹಿಂದೆ ಬಂದು ನಿಂತಳು. "ನೀನು ಬ್ಯಾಡ ಅಂತೀಯಾ ಅಂತ ಕಾಯ್ತಿದ್ರು ಕಣೇ. ಫೋನ್ ಇಟ್ಮೇಲೆ ಆ ಗಿರಾಕಿ ಜೊತೆ ಚೌಕಾಸಿ ಕೂಡ ಮಾಡ್ಲಿಲ್ಲ. ಅವನು ಹೇಳಿದ ರೇಟಿಗೇ ಕೊಟ್ಬಿಟ್ರು."

ಮದುವೆ ಆದಾಗಿನಿಂದ ಅಪ್ಪ ಚೌಕಾಸಿ ಮಾಡದೆ ಒಂದು ಕಟ್ಟು ಸೊಪ್ಪನ್ನೂ ಕೊಂಡದ್ದನ್ನು ತಾನು ಕಂಡಿಲ್ಲ ಅಂತಲೂ ಅಂದಳು.

ಅಪ್ಪ ಈಗ ಇನ್ನೊಬ್ಬರ ಶೆಡ್ಡಿನಲ್ಲಿ ಮೇಸ್ತ್ರಿ. ಸಂಜೆ ಬಂದು ಕೈಕಾಲು ತೊಳೆದು ಕೂತ. ನಾನು ಅಮೆರಿಕದಲ್ಲಿ ಕಲಿತ ಹಾಗೆಯೇ ಹೇಳಿದೆ.

"ಅಪ್ಪಾ, ಆ ಮಗ್ಗ ನಂಗೆ ಬೇಕಿತ್ತು. ಓದು ಮುಗಿಸ್ಕೊಂಡು ಬಂದು ನಾನೇ ನಡೆಸ್ಬೇಕು ಅಂತಿದ್ದೆ."

ಅಪ್ಪ ಟವೆಲಿನಲ್ಲಿ ಮುಖ ಒರೆಸಿಕೊಂಡು, ಮತ್ತೆ ಒರೆಸಿಕೊಂಡ. "ಇದನ್ನ ಯಾರಿಗಾದ್ರೂ ಹೇಳಿದ್ಯಾ?"

"ಅಲ್ಲಿ, ಇಂಟರ್‌ವ್ಯೂನಲ್ಲಿ ಹೇಳಿದ್ದೆ. ಮೂರು ಜನ ಇದ್ರು."

"ಗೊತ್ತಿಲ್ದೋರ ಹತ್ರ ಹೇಳ್ದೆ." ತಲೆಯಾಡಿಸಿದ. "ಏನ್ ಕೊಟ್ರು ಅವ್ರು?"

"ಆನರ್ಸ್‌ಗೆ ಸೇರಿಸ್ಕೊಂಡ್ರು. ರೂಮ್ ಕೊಟ್ರು."

"ಪರ್ವಾಗಿಲ್ಲ. ಒಳ್ಳೇ ವ್ಯಾಪಾರ" ಅಂದ ಅಪ್ಪ. ಅಮ್ಮ ಮುದ್ದೆ ತಂದಿಟ್ಟಳು. ಮೂವರೂ ಉಂಡೆವು.

ಪ್ರಬಂಧವನ್ನು ಅಪ್ಪ ಮೇಸ್ತ್ರಿಯಾಗಿರುವ ಶೆಡ್ಡಿನ ಮೇಲೆ ಬರೆಯುತ್ತಿದ್ದೇನೆ. ಮೇಷ್ಟ್ರು ತುಂಬ ಚೆನ್ನಾಗಿದೆ ಅನ್ನುತ್ತಾರೆ. ಇಲ್ಲಿ ಚೆನ್ನಾಗಿದೆ ಅಂದರೆ ಚೆನ್ನಾಗಿದೆ ಅಂತಲೇ ಅರ್ಥ, ಅದರಿಂದ ಏನೂ ಸಮಾಧಾನವಿಲ್ಲ. ಆದರೂ ಊರಿನ ಹೆಣ್ಣುಮಕ್ಕಳಿಗೆ ಹೇಳುತ್ತೇನೆ, ಆನರ್ಸ್ ಸಿಕ್ಕರೆ ಬಿಡಬೇಡಿ. ಆದರೆ ಇಲ್ಲಿಗೆ ಬಂದು ಬೇಕು ಅನ್ನುವ ಮೊದಲು ಅದೇ ಮಾತನ್ನು ಮನೆಯಲ್ಲಿ ಒಂದು ಸಲ ಆಡಿ ಬನ್ನಿ. ಅಪ್ಪ ಬೈದರೂ ಬೈಯಲಿ.

ಆ ಬೇಸಿಗೆ ಮುಗಿದು ನಾನು ಹೊರಟ ದಿನ ಅಪ್ಪ ಬಸ್ ಸ್ಟ್ಯಾಂಡಿಗೆ ಬಂದಿದ್ದ. ವಿಮಾನಕ್ಕೆಂದು ಹತ್ತಿದ ದೇವನಹಳ್ಳಿ ಕಡೆಯ ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, ನನ್ನ ಮುಖ ನೋಡದೆ, ಬೇರೆಲ್ಲೋ ನೋಡುತ್ತ ಅಂದ: "ಹೋಗು ಹೋಗು. ಏನಿದೆ ಇಲ್ಲಿ."

ಮುಂದಿನ ವಾರ ಕೊನೆಯ ಸೆಮಿಸ್ಟರಿನ ತರಗತಿಗಳನ್ನು ಆರಿಸಬೇಕು. ಎಲ್ಲರಿಗಿಂತ ಮೊದಲ ಸರದಿ ನಮ್ಮದು. ಫಾರಂನ ಕೊನೆಯಲ್ಲಿ, ಓದು ಮುಗಿದ ಮೇಲೆ ಎಲ್ಲಿರುತ್ತೀರಿ ಅಂತ ಒಂದು ಪ್ರಶ್ನೆ ಇದೆ. ಅದನ್ನಿನ್ನೂ ತುಂಬಿಲ್ಲ. ಅಪ್ಪನನ್ನೇ ಕೇಳಬಹುದು, ಅವತ್ತು ಯಾವ ಅರ್ಥದಲ್ಲಿ ಹಾಗಂದೆ ಅಂತ. ವಾರಕ್ಕೆರಡು ಸಲ ಫೋನ್ ಮಾಡುತ್ತಾನೆ. ಊಟ ಆಯ್ತಾ ಅನ್ನುತ್ತಾನೆ. ಆಯ್ತು ಅನ್ನುತ್ತೇನೆ.