ಟೆಂಪೋದೊಳಗೆ ಕೇಳಿದ ಮಾತು

ಮಂಜಯ್ಯ ಡಾಕ್ಟರು ರೋಗಿಯ ನಾಡಿ ಹಿಡಿಯುವ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಜೊತೆಗೆ ಬಂದವರನ್ನು ಹೊರಗೆ ಅಟ್ಟುವುದು. ನಮ್ಮ ಕಡೆ ಒಬ್ಬರಿಗೆ ಜ್ವರ ಬಂದರೆ ಜೀಪು ತುಂಬ ಜನ ಬರುತ್ತಾರೆ. ಹೊಟ್ಟೆನೋವು ಸೊಸೆಗೆ, ಅದನ್ನು ವಿವರಿಸುವುದು ಅತ್ತೆ. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ನೋವು ನಿಮಗಾ ಅಮ್ಮ? ಅಲ್ವಲ್ಲ. ಹೊರಗೆ ಬೆಂಚಿದೆ, ಕೂತ್ಕೊಳಿ" ಎನ್ನುತ್ತಿದ್ದರು. ಅವರನ್ನು ಸಮಾಧಾನ ಮಾಡುವುದು ನರ್ಸಾದ ನನ್ನ ಪಾಲಿಗೆ. ಸಾಗರದ ಆ ಪುಟ್ಟ ನರ್ಸಿಂಗ್ ಹೋಮಿನಲ್ಲಿ ಎಷ್ಟು ಅತ್ತೆಯಂದಿರಿಂದ ಬೈಸಿಕೊಂಡಿದ್ದೇನೋ ನನಗೇ ಗೊತ್ತಿಲ್ಲ.

ಒಳಗೆ ಏನು ಮಾತಾಯಿತು ಎಂಬುದು ನನಗೂ ತಿಳಿಯುತ್ತಿರಲಿಲ್ಲ. ಕೇಳಿದರೆ, "ಔಷಧಿ ಯಾವ್ದು ಅಂತ ಹೇಳ್ತೀನಿ. ಅವ್ರ ಮಾತು ನಿಂಗ್ಯಾಕೆ?" ಎಂದು ಮುಂದಿನ ರೋಗಿಯನ್ನು ಕರೆಯುತ್ತಿದ್ದರು.

ಊರಿನ ವೈದ್ಯರ ಸಂಘದ ಸಭೆ ಎಂದರೆ ಮುಖ್ಯವಾಗಿ ಊಟ. ದೆಹಲಿಯ ರಾಷ್ಟ್ರೀಯ ಸಂಘ ಯಾವುದಾದರೂ ವಿಷಯದಲ್ಲಿ ಅಭಿಪ್ರಾಯ ಕೇಳಿದರೆ ಉತ್ತರಿಸುವವರು ಮಂಜಯ್ಯನವರೊಬ್ಬರೇ. ಹಾಗೆ ಬರೆದೂ ಬರೆದೂ ಆ ಸಂಘದ ನೀತಿ ಸಮಿತಿಗೇ ಸೇರಿಬಿಟ್ಟರು. ಉಪವಾಸ ಕೂತವರ ಜೊತೆ ವೈದ್ಯರು ಹೇಗೆ ನಡೆದುಕೊಳ್ಳಬೇಕೆಂಬ ನಿಯಮವನ್ನು ನಾನಾ ದೇಶಗಳ ವೈದ್ಯ ಸಂಘಗಳು ಸೇರಿ ತಿದ್ದುತ್ತಿದ್ದಾಗ, ನಮ್ಮ ದೇಶದ ಸಂಘದ ಪರವಾಗಿ ಬರೆದದ್ದು ಇವರೇ. "ಎಲ್ಲೆಲ್ಲೋ ಜೈಲಲ್ಲಿ ಕೈಕಾಲು ಕಟ್ಟಿ ಮೂಗಿಗೆ ನಳಿಗೆ ತುರುಕ್ತಾರೆ ಸುಮಿತ್ರಾ. ತುರ್ಕೋ ಕೈ ಯಾರ್ದು? ಡಾಕ್ಟ್ರದ್ದು" ಎಂದು ಊಟ ಬಿಟ್ಟು ಕೊರಗುತ್ತಿದ್ದರು. ಉಪವಾಸ ಕೂತವನಿಗೆ ಬಲವಂತದಿಂದ ತಿನ್ನಿಸಬಾರದು. ಅವನ ನಿಜವಾದ ಇಚ್ಛೆಯನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಬೇಕು. ಕೇಳಿದ್ದನ್ನು ಯಾರಿಗೂ ಹೇಳಬಾರದು. ಇಷ್ಟೇ ಅವರ ವಾದ. ಅತ್ತೆಯಂದಿರನ್ನು ಅಟ್ಟುವ ವಿದ್ಯೆಯನ್ನು ಇಡೀ ಜಗತ್ತಿಗೆ ಕಲಿಸಲು ಹೊರಟಿದ್ದಾರೆ ಎಂದು ನಾನು ನಕ್ಕಿದ್ದೆ. ವಿದೇಶದಲ್ಲಿ ನಡೆಯುವ ಮುಂದಿನ ಸಭೆಗೆ ಅವರನ್ನೂ ಕಳಿಸುವುದೆಂದು ತೀರ್ಮಾನವಾಗಿತ್ತು. ಕೋಟು ಹೊಲಿಸಿಕೊಂಡಿದ್ದರು.

ಆಗಲೇ ಚೌಡಪ್ಪನವರು ಆಮರಣ ಉಪವಾಸಕ್ಕೆ ಕೂತದ್ದು. ಶರಾವತಿಯ ಮುಳುಗಡೆಯಲ್ಲಿ ಊರು ಕಳೆದುಕೊಂಡ ಮನೆತನ. ಸಾಗುವಳಿ ಮಾಡುತ್ತಿದ್ದ ಜಾಗಕ್ಕೆ ಹಕ್ಕುಪತ್ರ ಸಿಗದೆ ಮೂರನೇ ತಲೆಮಾರು ಬಂದಿತ್ತು. ಹೊಸನಗರ, ತೀರ್ಥಹಳ್ಳಿಯಿಂದೆಲ್ಲ ಜನ ಬಂದು ಪೆಂಡಾಲು ತುಂಬಿತು. ಹೋರಾಟ ಸಮಿತಿಯವರು ಡಾಕ್ಟರ ಬಳಿ ಬಂದು, "ಸರ್ಕಾರದ ಡಾಕ್ಟ್ರು ಬ್ಯಾಡ, ನೀವೇ ನೋಡ್ಕಳಿ. ಬಲವಂತ ಮಾಡ್ಬಾರ್ದು ಅಂತ ಬರ್ದವ್ರು ನೀವೇ ಅಲ್ವಾ" ಎಂದರು. ಚೌಡಪ್ಪನವರು ಮೈಕ್ ಹಿಡಿದು, "ಇಲ್ಲಿಂದ ನನ್ನ ಹೆಣ ಬೇಕಾದ್ರೆ ಎತ್ತಿ, ಬಾಟ್ಲಿ ಮಾತ್ರ ಏರಿಸ್ಬ್ಯಾಡಿ" ಎಂದಾಗ ಚಪ್ಪಾಳೆಯೋ ಚಪ್ಪಾಳೆ.

ಆಮೇಲೆ ಡಾಕ್ಟರು ಅವರನ್ನು ಪೆಂಡಾಲಿನ ಹಿಂದೆ ನಿಂತಿದ್ದ ಟೆಂಪೋದೊಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ನಾನು ಹೊರಗೆ ಕಾವಲು. ಇಳಿದು ಬರುವಾಗ ಇಬ್ಬರ ಮುಖದಲ್ಲೂ ಏನೂ ಗೊತ್ತಾಗಲಿಲ್ಲ.

ಚೌಡಪ್ಪನವರಿಗೆ ಪ್ರಜ್ಞೆ ತಪ್ಪಿದ ಮಧ್ಯಾಹ್ನ ಡಾಕ್ಟರು ನನ್ನ ಕೈಯಿಂದ ಸೂಜಿ ತೆಗೆದುಕೊಂಡು ಡ್ರಿಪ್ ಹಾಕಿದರು. ಪೆಂಡಾಲಿನಲ್ಲಿ ಕುರ್ಚಿಗಳು ಹಾರಿದವು. ಸರ್ಕಾರದ ಏಜೆಂಟ್ ಎಂದು ಕೂಗುತ್ತ ಯಾರೋ ಅವರ ಅಂಗಿ ಹಿಡಿದು ಎಳೆದರು. ಅವರು ಬಾಟಲಿಯನ್ನು ಎತ್ತಿ ಹಿಡಿದು ನಿಂತೇ ಇದ್ದರು.

ಚೌಡಪ್ಪ ಬದುಕಿದರು. ಉಪವಾಸ ಮುರಿಯಿತು, ಹಕ್ಕುಪತ್ರ ಬರಲಿಲ್ಲ. "ನಾನು ಸಾಯಕ್ಕೆ ತಯಾರಿದ್ದೆ, ಡಾಕ್ಟ್ರು ಕೆಡಿಸಿದ್ರು" ಎಂದು ಅವರು ಪತ್ರಿಕೆಯವರೆದುರು ಹೇಳಿದರು. ಹೋರಾಟದವರು ರಾಷ್ಟ್ರೀಯ ಸಂಘಕ್ಕೆ ದೂರು ಕೊಟ್ಟರು. ಸಂಘದ ಪರವಾಗಿ ಜಗತ್ತಿಗೆ ಮಾತು ಕೊಟ್ಟವರೇ ಮಾತು ತಪ್ಪಿದರೆ ಸಂಘ ಯಾರಿಗೆ ಮುಖ ತೋರಿಸಬೇಕು? ವಿಚಾರಣೆಯಲ್ಲಿ ಡಾಕ್ಟರು, "ರೋಗಿಗೆ ಸರಿಯಾದದ್ದನ್ನೇ ಮಾಡಿದ್ದೇನೆ. ಇದಕ್ಕಿಂತ ಹೆಚ್ಚು ಹೇಳಲಾರೆ" ಎಂದಷ್ಟೇ ಹೇಳಿ ಬಂದರು. ಅವರನ್ನು ನೀತಿ ಸಮಿತಿಯಿಂದ ತೆಗೆದುಹಾಕಿದರು. ವಿದೇಶಕ್ಕೆ ಬೇರೆಯವರು ಹೋದರು.

ನಾನು ಜಗಳವಾಡಿದೆ. "ಟೆಂಪೋದಲ್ಲಿ ಅವ್ರು ಏನಂದ್ರು ಅಂತ ಹೇಳ್ಬಿಡಿ ಸಾರ್. ನಿಮ್ಮ ಮರ್ಯಾದೆ ಹೋಗ್ತಾ ಇದೆ."

"ಯಾರಿಗೂ ಹೇಳ್ಬಾರ್ದು ಅಂತ ಬರ್ದವ್ನು ನಾನು. ನಂಗೆ ಕಷ್ಟ ಬಂದ್ರೆ ಹೇಳ್ಬೋದು ಅಂತ ಬರೀಲಿಲ್ವಲ್ಲ ಸುಮಿತ್ರಾ."

ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೋ ಅಷ್ಟೇ ಅಳುವೂ ಬಂದಿತ್ತು. ರೋಗಿಗಳು ಬೇರೆ ಡಾಕ್ಟರನ್ನು ಹುಡುಕಿಕೊಂಡರು. ಅಟ್ಟಲು ಒಬ್ಬ ಅತ್ತೆಯೂ ಇಲ್ಲದೆ, ನಾವಿಬ್ಬರೇ ಚಹಾ ಕುಡಿದು ಬಾಗಿಲು ಹಾಕುವ ದಿನಗಳು ಬಂದವು. ಮುಂದಿನ ಮಳೆಗಾಲ ಮುಗಿಯುವುದರೊಳಗೆ ಅವರು ಹೃದಯಾಘಾತವಾಗಿ ಹೋಗಿಬಿಟ್ಟರು.

ಊರಿನ ವೈದ್ಯರ ಸಂಘದ ಹಾಲ್‌ನಲ್ಲಿ ಶ್ರದ್ಧಾಂಜಲಿ ಸಭೆ. ಕುರ್ಚಿ ಎಸೆದವರೇ ಹಾರ ತಂದಿದ್ದರು. ಕೊನೆಯ ಸಾಲಿನಲ್ಲಿ ನನ್ನ ಪಕ್ಕಕ್ಕೆ ಚೌಡಪ್ಪನವರು ಬಂದು ಕೂತರು. ಮೆಲ್ಲಗೆ ಹೇಳಿದರು: "ಸಿಸ್ಟರ್, ಅವತ್ತು ಟೆಂಪೋದಲ್ಲಿ ನಾನೇ ಕೇಳ್ಕಂಡಿದ್ದೆ. ಮೈಕಲ್ಲಿ ಎಂತದೋ ಹೇಳೀನಿ, ಎಚ್ರ ತಪ್ಪಿದ್ರೆ ಸಾಯಕ್ಕೆ ಬಿಡಬ್ಯಾಡಿ ಡಾಕ್ಟ್ರೇ ಅಂತ ಅವ್ರ ಕೈ ಹಿಡ್ಕಂಡಿದ್ದೆ."

"ಮೈಕು ಅಲ್ಲೇ ಇದೆ. ಹೋಗಿ ಹೇಳಿ" ಎಂದೆ.

ಅವರು ವೇದಿಕೆ ನೋಡಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹೋರಾಟ ಸಮಿತಿಯವರನ್ನು ನೋಡಿದರು.

"ನಾನು ಸತ್ತ ಮೇಲೆ ನೀವೇ ಹೇಳಿ" ಎಂದು ಎದ್ದು ಹೋದರು.

ಹೋದ ತಿಂಗಳು ಚೌಡಪ್ಪನವರೂ ತೀರಿಕೊಂಡರು. ಅವರು ಒಪ್ಪಿಗೆ ಕೊಟ್ಟಿದ್ದರಿಂದ ಹೇಳುತ್ತಿದ್ದೇನೆ. ಮಂಜಯ್ಯ ಡಾಕ್ಟರು ಇದ್ದಿದ್ದರೆ ಈಗಲೂ ಹೇಳುತ್ತಿರಲಿಲ್ಲ.