ನಾನು ಓದಿ ಹೇಳಿದ ನೋಟೀಸು

ಸರ್ಕಾರ ಜಮೀನು ತೆಗೆದುಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಮಾತುಗಳಿವೆ. ರಿಕ್ವಿಸಿಷನ್ ಮಾಡುವುದು, ಅಕ್ವೈರ್ ಮಾಡುವುದು. ಮೊದಲನೆಯದರಲ್ಲಿ ಜಮೀನು ಸ್ವಲ್ಪ ಕಾಲ ಅವರ ಕೈಯಲ್ಲಿರುತ್ತದೆ, ಕೆಲಸ ಮುಗಿದ ಮೇಲೆ ವಾಪಸು ಬರುತ್ತದೆ. ಎರಡನೆಯದರಲ್ಲಿ ಬರುವುದಿಲ್ಲ. ಇದನ್ನು ಈಗ ಬರೆಯಬಲ್ಲೆ. ಬಿ.ಎ. ಎರಡನೇ ವರ್ಷದಲ್ಲಿದ್ದಾಗ ನನಗೆ ಗೊತ್ತಿರಲಿಲ್ಲ.

ಜಕ್ಕೂರು ಕೆರೆಯ ಹಿಂದೆ ನಮ್ಮ ದೊಡ್ಡಪ್ಪನ ದ್ರಾಕ್ಷಿ ತೋಟ. ಅಪ್ಪ ತೀರಿಕೊಂಡ ಮೇಲೆ ನಾನು ಅವರ ಮನೆಯಲ್ಲೇ ಬೆಳೆದೆ. ಆ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ.

ನೋಟೀಸು ಬರುವುದಕ್ಕೆ ಏಳೆಂಟು ವರ್ಷ ಮುಂಚೆ ಅದೇ ಜಮೀನನ್ನು ಸರ್ಕಾರ ಒಮ್ಮೆ ತೆಗೆದುಕೊಂಡಿತ್ತು. ಆಗ ಅದು ರಾಗಿ ಹೊಲ. ಡೇರೆ ಹಾಕಿ ಸಾಮಾನು ಪೇರಿಸಿದರು. ಎರಡು ವರ್ಷದ ಮೇಲೆ ಡೇರೆ ಕಿತ್ತರು. ಅಧಿಕಾರಿಯೊಬ್ಬರು ದೊಡ್ಡಪ್ಪನ ಜೊತೆ ಬದುವಿನ ಸುತ್ತ ನಡೆದು, ನಾಲ್ಕು ಮೂಲೆಯ ಗಡಿಕಲ್ಲು ತೋರಿಸಿ, ಜಮೀನು ಬಿಟ್ಟುಕೊಟ್ಟರು. ದೊಡ್ಡಪ್ಪ ಒಂದೊಂದು ಕಲ್ಲಿಗೂ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದರು. ಕಲ್ಲುಕಂಬ ನೆಟ್ಟು ದ್ರಾಕ್ಷಿ ಬಳ್ಳಿ ಹಬ್ಬಿಸಿದ್ದು ಅದಾದ ಮೇಲೆ. ಸರ್ಕಾರ ತೆಗೆದುಕೊಂಡರೆ ವಾಪಸು ಕೊಡುತ್ತದೆ ಎಂದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಎರಡನೇ ನೋಟೀಸು ಎಂಬತ್ತರ ಆಸುಪಾಸಿನಲ್ಲಿ ಬಂತು. ದೊಡ್ಡಪ್ಪ ಅದನ್ನು ನನ್ನ ಕೈಗೆ ಕೊಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತರು.

"ಆ ಸಲ ತಗಂಡಂಗೇ ಏನ್ಲಾ?"

ಕಾಗದದಲ್ಲಿ ಅಕ್ವೈರ್ ಎಂದಿತ್ತು. ಹಳೆಯ ಕಾಗದ ಟ್ರಂಕಿನಲ್ಲೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದಿತ್ತು. ನೋಡಲಿಲ್ಲ. ಗೊತ್ತಿಲ್ಲ ಎನ್ನಲು ನಾಚಿಕೆ.

"ಹಂಗೇ ದೊಡ್ಡಪ್ಪ," ಎಂದೆ.

ಪಕ್ಕದ ತೋಟದವನಿಗೂ ನೋಟೀಸು ಬಂದಿತ್ತು. ತಕರಾರು ಅರ್ಜಿ ಕೊಡಲು ಒಂದು ತಿಂಗಳ ಗಡುವು ಇತ್ತು. ಮಾರನೇ ದಿನ ಬೆಳಿಗ್ಗೆ ಅವನು ಬೇಲಿಯಾಚೆಯಿಂದ ಕೂಗಿದ.

"ಏನಣ್ಣೋ, ನಿಮ್ಮನೆ ಲಾಯರ್ ಏನಂದ್ರು?" ಲಾಯರ್ ಅಂದರೆ ನಾನು.

"ಬಿಟ್ಕೊಡ್ತಾರಂತೆ ಕಣೋ. ನೀನ್ಯಾಕ್ ಸುಮ್ಕೆ ಕಚೇರಿ ಸುತ್ತೀಯ? ಬಸ್ ಚಾರ್ಜು ದಂಡ."

"ದಂಡ ಆದ್ರೆ ಆಯ್ತು. ನಾನು ಓಗ್ಬತ್ತೀನಿ."

ಅವನು ಹೋದ. ಮೂರು ಸಲ ಹೋದ. ಅವನ ತೋಟವನ್ನು ಪಟ್ಟಿಯಿಂದ ಬಿಟ್ಟರು. ನಮ್ಮದನ್ನು ಬಿಡಲಿಲ್ಲ. ಆಗಲೂ ದೊಡ್ಡಪ್ಪ ಗಾಬರಿಯಾಗಲಿಲ್ಲ. ಆ ವರ್ಷ ಬಳ್ಳಿಗಳನ್ನು ಬುಡದ ಹತ್ತಿರಕ್ಕೆ ಸವರಿದರು. ಎರಡು ವರ್ಷ ನೋಡುವವರಿಲ್ಲದಿದ್ದರೂ ಬೇರು ಉಳಿಯಲಿ ಎಂದು. ಸವರಿದ ಕೊಂಬೆಗಳನ್ನು ಕಟ್ಟು ಕಟ್ಟಿ ನಾನೇ ಹೊತ್ತು ಹಾಕಿದೆ.

ವಶಕ್ಕೆ ತೆಗೆದುಕೊಳ್ಳಲು ಬಂದ ದಿನ ಅಧಿಕಾರಿ, ಸರ್ವೆಯವರು, ಊರಿನ ಇಬ್ಬರು ಸಾಕ್ಷಿಗಳು ಇದ್ದರು. ಮಹಜರು ಬರೆದಾದ ಮೇಲೆ ದೊಡ್ಡಪ್ಪ ಹೆಬ್ಬೆಟ್ಟು ಒತ್ತಿ, ಬೆರಳನ್ನು ಪಂಚೆಗೆ ಒರೆಸಿಕೊಂಡರು. ಆಮೇಲೆ ಮೂಲೆಯ ಗಡಿಕಲ್ಲಿನ ಕಡೆಗೆ ನಡೆಯತೊಡಗಿದರು. ಯಾರೂ ಹಿಂದೆ ಬರದಿದ್ದುದನ್ನು ನೋಡಿ ನಿಂತರು.

"ಬನ್ನಿ ಸ್ವಾಮಿ, ಕಲ್ಲು ತೋರಿಸ್ತೀನಿ. ವಾಪಸ್ ಕೊಡೋವಾಗ ತಕರಾರಾಗ್ಬಾರ್ದು."

ಅಧಿಕಾರಿ ಪೆನ್ನಿನ ಕ್ಯಾಪು ಹಾಕುತ್ತಿದ್ದವರು ತಲೆ ಎತ್ತಿದರು. ಕೆಟ್ಟ ಮನುಷ್ಯನಲ್ಲ. ಮೆತ್ತಗೇ ಕೇಳಿದರು.

"ವಾಪಸ್ಸಾ? ಇದು ಸೈಟ್ ಮಾಡೋಕೆ ಕಣ್ರೀ, ಯಜಮಾನ್ರೇ. ವಾಪಸ್ ಕೊಡ್ತಾರೆ ಅಂತ ಯಾರ್ ಹೇಳಿದ್ರು ನಿಮ್ಗೆ?"

ನಾನು ಐದಾರು ಅಡಿ ದೂರದಲ್ಲಿದ್ದೆ. ದೊಡ್ಡಪ್ಪ ನನ್ನ ಕಡೆ ನೋಡಲಿಲ್ಲ.

"ಯಾರೋ ಅಂದ್ರು ಸ್ವಾಮಿ," ಎಂದರು. "ಜ್ಞಾಪಕ ಇಲ್ಲ."

ಮನೆಯಲ್ಲೂ ಅವರು ಅದನ್ನು ಎತ್ತಲಿಲ್ಲ. ದೊಡ್ಡಮ್ಮ ಕೇಳಿದಾಗಲೂ ಜ್ಞಾಪಕ ಇಲ್ಲ ಎಂದೇ ಹೇಳಿದರು. ತಿಂಗಳಾದ ಮೇಲೆ ಇನ್ನೊಂದು ಕಾಗದ ಬಂತು. ಅದನ್ನೂ ತಂದು ನನ್ನ ಕೈಗೇ ಕೊಟ್ಟು, ಎದುರಿಗೆ ಅದೇ ರೀತಿ ಕುಕ್ಕರಗಾಲಲ್ಲಿ ಕೂತು, "ಓದ್ಲಾ," ಎಂದರು. ಅಕ್ಷರಗಳೆಲ್ಲ ಕಾಣುತ್ತಿದ್ದವು. ಎದ್ದು ಹೋಗಿ ಟ್ರಂಕಿನಿಂದ ಹಳೆಯ ಕಾಗದಗಳನ್ನು ತಂದು ಅದರ ಪಕ್ಕದಲ್ಲಿಟ್ಟೆ.