ಬದುಕಿದ್ದವನ ಫೋಟೋಗೆ ಚೆಂಡುಹೂವಿನ ಹಾರ

ನಾನು ಚಿಕ್ಕವಳಿದ್ದಾಗ ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಈಗಲೂ ಅಲ್ಲೇ ಇದೆ, ಕನ್ನಡಕ ಬಂದಿರುವುದರಿಂದ ಸ್ವಲ್ಪ ಮರೆಯಾಗಿದೆ ಅಷ್ಟೇ. ಅಜ್ಜಿಯರಾದವರು ಮಕ್ಕಳಿಗೆ ಕ್ಷಮಿಸುವುದನ್ನು ಕಲಿಸಬೇಕು ಎಂದು ನನ್ನ ಮಗಳು ಹೇಳುತ್ತಾಳೆ. ಅದನ್ನು ಬೇರೆ ಅಜ್ಜಿಯರು ಕಲಿಸಲಿ. ನಾನು ಹೇಳಹೊರಟಿರುವುದು, ಹತ್ತು ವರ್ಷದವಳಾಗಿದ್ದಾಗ ಒಬ್ಬ ದೊಡ್ಡ ಮನುಷ್ಯನ ಮೇಲೆ ಸೇಡು ತೀರಿಸಿಕೊಳ್ಳಲು ಹೋದ ಒಂದು ಶನಿವಾರದ ಕಥೆ.

ಈಗ ನಾನು ಅಮೆರಿಕದ ಓಲ್ಡ್ ಬ್ರಿಡ್ಜ್ ಎಂಬ ಊರಿನಲ್ಲಿದ್ದೇನೆ. ಮನೆಯಿಂದ ಹೊರಗೆ ಕಾಲಿಟ್ಟರೆ ಕನ್ನಡದವರು ಸಿಗುತ್ತಾರೆ. ಆಗ ಹಾಗಿರಲಿಲ್ಲ. ನಾವಿದ್ದದ್ದು ನ್ಯೂಜೆರ್ಸಿಯ ವಾಯವ್ಯ ಮೂಲೆಯ ಒಂದು ಹಳ್ಳಿಗಾಡಿನ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಂಥದ್ದರಲ್ಲಿ. ಕಣ್ಣು ಹಾಯುವಷ್ಟು ದೂರ ಗುಡ್ಡ, ಸೇಬಿನ ತೋಟ, ಮುಸುಕಿನ ಜೋಳದ ಹೊಲ, ಅವುಗಳ ನಡುವೆ ಕೆಂಪು ಬಣ್ಣದ ಕೊಟ್ಟಿಗೆಗಳು. ಬೆಳಿಗ್ಗೆ ಕಿಟಕಿ ತೆರೆದರೆ ಸಗಣಿಯ ವಾಸನೆ ಒಳಗೆ ಬರುತ್ತಿತ್ತು. ಅಕ್ಟೋಬರ್ ಬಂತೆಂದರೆ ಅದರ ಜೊತೆಗೆ ಸೇಬು ಹಿಂಡುವ ಸಿಹಿಹುಳಿ ವಾಸನೆಯೂ ಸೇರುತ್ತಿತ್ತು. ಇಡೀ ಕೌಂಟಿಯಲ್ಲಿ ಕನ್ನಡ ಮಾತಾಡುವವರು ನಾಲ್ಕೇ ಜನ, ನಾಲ್ವರೂ ನಮ್ಮ ಮನೆಯವರೇ: ಅಪ್ಪ, ಅಮ್ಮ, ಅಕ್ಕ, ನಾನು.

ಅಪ್ಪ ದನದ ಡಾಕ್ಟರು. ಬೆಂಗಳೂರಿನಲ್ಲಿ ಓದಿ ಬಂದಿದ್ದರೂ ಇಲ್ಲಿನ ಲೈಸೆನ್ಸ್ ಇನ್ನೂ ಕೈಗೆ ಬಂದಿರಲಿಲ್ಲ. ಅದಕ್ಕೇ ವಯಸ್ಸಾದ ಒಬ್ಬ ಡಾಕ್ಟರ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಹಸುಗಳ ಜೊತೆ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು. 'ಬಾರೇ, ಬಾರೇ, ಹೆದರಬೇಡ' ಎಂದು ಬೆನ್ನು ಸವರಿದರೆ ಎಂಥ ಒದೆಯುವ ಹಸುವೂ ಸುಮ್ಮನೆ ನಿಲ್ಲುತ್ತಿತ್ತು. ಒಡೆಯರಿಗೆ ಆ ಮಾತು ಅರ್ಥವಾಗದಿದ್ದರೂ ಹಸುಗಳಿಗೆ ಆಗುತ್ತಿತ್ತು.

ಆ ಶನಿವಾರಕ್ಕೆ ಮುಂಚಿನ ಚಳಿಗಾಲದಲ್ಲಿ ಕೌಂಟಿಯ ಹಸುಗಳಿಗೆ ಒಂದು ವಿಚಿತ್ರ ಕಾಯಿಲೆ ಬಂತು. ಚಿಕ್ಕ ಗೀರು ಬಿದ್ದರೂ ರಕ್ತ ನಿಲ್ಲುತ್ತಿರಲಿಲ್ಲ. ಕರು ಹಾಕಿದ ಹಸುಗಳು ಏಳುತ್ತಲೇ ಇರಲಿಲ್ಲ. ಕೆಲವರು ನೀರು ಕೆಟ್ಟಿದೆ ಎಂದರು, ಕೆಲವರು ಹೊಸ ರೋಗ ಎಂದರು. ಅಪ್ಪ ಒಂದು ದಿನ, ಎಲ್ಲರಿಗಿಂತ ದೊಡ್ಡ ಕೊಟ್ಟಿಗೆಯಿದ್ದ ಯಜಮಾನನ ಮನೆಗೆ ಹೋದರು. ನಾನೂ ಅಕ್ಕನೂ ಜೊತೆಗಿದ್ದೆವು. ಅಪ್ಪ ಹಸುಗಳನ್ನು ನೋಡಿದ ಮೇಲೆ ಹುಲ್ಲಿನ ರಾಶಿಯ ಹತ್ತಿರ ಮಂಡಿಯೂರಿ ಕೂತು, ಒಂದು ಪೆಂಡಿಯೊಳಗೆ ಭುಜದವರೆಗೂ ಕೈ ತೂರಿಸಿ, ಒಂದು ಹಿಡಿ ಹುಲ್ಲು ಎಳೆದು ಮೂಸಿದರು. ಹೊರಗಡೆ ಚಿನ್ನದ ಬಣ್ಣವಿದ್ದ ಹುಲ್ಲು ಒಳಗೆ ಬೂದುಬಣ್ಣಕ್ಕೆ ತಿರುಗಿತ್ತು. ನಮ್ಮ ಮೂಗಿಗೂ ಹಿಡಿದರು. ಬೂಷ್ಟು ಹಿಡಿದಿದ್ದರೂ ಸಿಹಿಯಾದ ವಾಸನೆ ಬರುತ್ತಿತ್ತು. 'ಇದೇ ವಿಷ. ಈ ಹುಲ್ಲು ಹಾಕುವುದನ್ನು ಇವತ್ತೇ ನಿಲ್ಲಿಸಿ' ಎಂದು ಅಪ್ಪ ಯಜಮಾನನಿಗೆ ಹೇಳಿದರು. ಅವನು ನಕ್ಕ. ತನ್ನ ಹುಲ್ಲಿಗೆ ಹೆಸರಿಡಲು ಇವನ್ಯಾರು ಎಂಬ ನಗು ಅದು. ಆದರೂ ನಿಲ್ಲಿಸಿದ, ಹಸುಗಳು ಬದುಕಿದವು. ಅಪ್ಪ ಆಮೇಲೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಎಲ್ಲರ ಹುಲ್ಲನ್ನೂ ಮೂಸಿದರು, ಹಸುಗಳಿಗೆ ಇಂಜೆಕ್ಷನ್ ಕೊಟ್ಟರು. ಹಿಮದಲ್ಲಿ ಓಡಾಡಿ ಅವರ ಬೆರಳುಗಳು ಒಡೆದುಹೋಗಿದ್ದವು.

ಎರಡು ವಾರದ ನಂತರ ಊರಿನ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಯಜಮಾನ ಮಂಡಿಯೂರಿ ಕೂತು, ಒಂದು ಹಿಡಿ ಹುಲ್ಲನ್ನು ಮೂಗಿಗೆ ಹಿಡಿದಿದ್ದ. ಬೂಷ್ಟನ್ನು ಕಂಡುಹಿಡಿದು ಕೌಂಟಿಯ ಹಸುಗಳನ್ನು ಉಳಿಸಿದ ಪುಣ್ಯಾತ್ಮ ಅವನೇ ಎಂದು ಬರೆದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಪತ್ರಿಕೆ ಹಿಡಿದು ಅಪ್ಪನ ಹತ್ತಿರ ಓಡಿದೆ.

"ಹಸು ಬದುಕ್ತಲ್ಲ ಪುಟ್ಟಿ, ಬಿಡು. ಅವರ ಎದುರು ಮಾತಾಡಿದ್ರೆ ನಾಳೆ ನನ್ನ ಯಾರೂ ಕೊಟ್ಟಿಗೆಗೆ ಸೇರಿಸಲ್ಲ" ಎಂದರು ಅಪ್ಪ.

ಅಪ್ಪ ಬಿಟ್ಟರು. ನಾನು ಬಿಡಲಿಲ್ಲ. ಶಾಲೆಯ ಬಸ್ಸು ಆ ಕೊಟ್ಟಿಗೆಯ ಮುಂದೆ ಹೋಗುವಾಗಲೆಲ್ಲ ಹಲ್ಲು ಕಚ್ಚಿಕೊಂಡು ಕೂರುತ್ತಿದ್ದೆ.

ಅಕ್ಟೋಬರಿನಲ್ಲಿ ಉರಿಯುವ ಬೆಂಕಿಗೆ ತುಪ್ಪ ಬಿತ್ತು. ಕೌಂಟಿಯ ಲೈಬ್ರರಿಯಲ್ಲಿ 'ನಮ್ಮ ಕೌಂಟಿಯ ಹೆಸರಾಂತರು' ಎಂದು ಐವರ ಫೋಟೋ ತೂಗುಹಾಕುವುದೆಂದು ತೀರ್ಮಾನವಾಯಿತು. ಹಳೇ ಕಾಲದ ಒಬ್ಬ ಗವರ್ನರ್, ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಲ್ಲಿ ಹಾಡಿದ್ದ ಒಬ್ಬ ಹೆಂಗಸು, ಒಬ್ಬ ಬೇಸ್‌ಬಾಲ್ ಆಟಗಾರ, ಹೊಸ ಬಗೆಯ ಸೇಬು ಬೆಳೆದ ಒಬ್ಬ ಮುದುಕ. ಈ ನಾಲ್ವರೂ ತೀರಿಕೊಂಡವರು. ಐದನೆಯವನು ಯಜಮಾನ, ಹಸುಗಳನ್ನು ಉಳಿಸಿದವನು! ಫೋಟೋಗಳನ್ನು ಅಲಂಕರಿಸುವ ಕೆಲಸ ನಮ್ಮ ತರಗತಿಗೆ ಬಂತು. ಟೀಚರ್ ಒಂದು ಟೋಪಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ನನ್ನ ಚೀಟಿಯಲ್ಲಿ ಬಂದದ್ದು ಯಜಮಾನನ ಹೆಸರು. ಮೊದಲು ಅಳು ಬಂತು. ಬಸ್ಸು ಮನೆ ಮುಟ್ಟುವಷ್ಟರಲ್ಲಿ ಅಳು ನಿಂತು, ಒಂದು ಯೋಚನೆ ಹೊಳೆದಿತ್ತು.

ಇಲ್ಲಿ ನಿಮಗೊಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮಲ್ಲಿ ಬದುಕಿರುವವರ ಕೊರಳಿಗೆ ಹಾರ ಹಾಕಿದರೆ ಅದು ಮರ್ಯಾದೆ. ಆದರೆ ಮನುಷ್ಯರ ಫೋಟೋಗೆ ಹಾರ ಹಾಕಿ, ಗಾಜಿನ ಮೇಲೆ ಹಣೆಯ ಜಾಗಕ್ಕೆ ಕುಂಕುಮವಿಟ್ಟು, ಮುಂದೆ ಊದಿನಕಡ್ಡಿ ಹಚ್ಚಿದರೆ ಆ ಮನುಷ್ಯ ತೀರಿಕೊಂಡಿದ್ದಾನೆ ಎಂದರ್ಥ. ನಮ್ಮ ಮನೆಯಲ್ಲಿ ತಾತನ ಫೋಟೋ ಹಾಗಿತ್ತು. ಬದುಕಿರುವವರ ಫೋಟೋಗೆ ಹಾಗೆ ಮಾಡುವುದೆಂದರೆ ಬಾಯಿಬಿಟ್ಟು ಶಾಪ ಹಾಕಿದಂತೆಯೇ.

ಶನಿವಾರ ಬೆಳಿಗ್ಗೆ ಅಮ್ಮ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದರು, ಇಲ್ಲದಿದ್ದರೆ ಈ ಕಥೆಯೇ ನಡೆಯುತ್ತಿರಲಿಲ್ಲ. ಪಕ್ಕದ ಮನೆಯವರು ಮೊಲಗಳು ಬರಬಾರದೆಂದು ಟೊಮ್ಯಾಟೊ ಪಾತಿಯ ಸುತ್ತ ಚೆಂಡುಹೂವು ಬೆಳೆಸಿದ್ದರು. ಅವರನ್ನು ಕೇಳಿ ಒಂದು ಬುಟ್ಟಿ ಕಿತ್ತುಕೊಂಡು ಬಂದೆ. ಇಬ್ಬನಿಯಲ್ಲಿ ನೆನೆದ ಹೂಗಳು, ಕೈಯೆಲ್ಲ ಅದರ ಘಾಟು. ನನಗೆ ಪೋಣಿಸಲು ಬರುತ್ತಿರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಕೂತು ಅಕ್ಕ ದಪ್ಪ ಸೂಜಿಗೆ ದಾರ ಹಾಕಿದಳು. ಅವಳಿಗೆ ಆಗ ಹದಿನೈದು ವರ್ಷ. ಅರ್ಧ ಹಾರ ಆದ ಮೇಲೆ ಅವಳ ಕೈ ನಿಂತಿತು.

"ಏ, ಆ ಮನುಷ್ಯ ಇನ್ನೂ ಬದುಕಿದಾನಲ್ಲೇ! ಬದುಕಿರೋರ ಫೋಟೋಗೆ ಹಾರ ಹಾಕ್ತಾರಾ?"

"ಅದಕ್ಕೇ ಹಾಕ್ತಿರೋದು."

ಅಕ್ಕ ನನ್ನನ್ನೇ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಸೂಜಿಯನ್ನು ಮತ್ತೆ ಎತ್ತಿಕೊಂಡು, "ಹಾಗಾದ್ರೆ ಉದ್ದ ಮಾಡೋಣ" ಎಂದಳು. ಆ ಕ್ಷಣದಲ್ಲಿ ಅಕ್ಕನ ಮೇಲೆ ಬಂದ ಪ್ರೀತಿ ಇವತ್ತಿಗೂ ಹಾಗೇ ಇದೆ.

ಮಧ್ಯಾಹ್ನ ಅಪ್ಪ ನಮ್ಮನ್ನು ಸ್ಟೇಷನ್ ವ್ಯಾಗನ್ ಕಾರಿನಲ್ಲಿ ಲೈಬ್ರರಿಗೆ ಬಿಟ್ಟು, ದಾರಿಯಲ್ಲಿ ಒಂದು ಕರುವನ್ನು ನೋಡಿ ಬರುತ್ತೇನೆಂದು ಹೋದರು. ಲೈಬ್ರರಿಯ ಮರದ ನೆಲಕ್ಕೆ ಆಗತಾನೆ ಪಾಲಿಶ್ ಹಾಕಿದ್ದರು. ಮೇಜಿನ ಮೇಲೆ ಸೇಬು, ಸೇಬಿನ ರಸದ ಬಿಸಿ ಸೈಡರ್, ಸಕ್ಕರೆ ಹೊರಳಿಸಿದ ಡೋನಟ್‌ಗಳು. ಉಳಿದ ಮಕ್ಕಳು ಬಣ್ಣದ ಕಾಗದ, ಒಣಗಿದ ಎಲೆ, ರಿಬ್ಬನ್ ಅಂಟಿಸಿದರು. ನಾನು ಯಜಮಾನನ ಫೋಟೋಗೆ ಹಾರ ಹಾಕಿದೆ. ಗಾಜಿನ ಮೇಲೆ, ಎರಡು ಹುಬ್ಬಿನ ನಡುವೆ ಕುಂಕುಮವಿಟ್ಟೆ. ಊರಿನಲ್ಲಾಗಿದ್ದರೆ ಊದಿನಕಡ್ಡಿಯನ್ನು ಬಾಳೆಹಣ್ಣಿಗೆ ಚುಚ್ಚುತ್ತಿದ್ದರು. ಅಕ್ಕ ಒಂದು ಸೇಬಿಗೆ ಚುಚ್ಚಿ ಹಚ್ಚಿದಳು. ಗಂಧದ ಹೊಗೆ ಅವನ ಗಲ್ಲದ ಮೇಲೆ ಹಾದು ಮೇಲಕ್ಕೇರಿತು. ಎಷ್ಟು ಚೆನ್ನಾಗಿ ಸತ್ತಿದ್ದ ಅಂತೀರಿ!

ಎಲ್ಲರಿಗೂ ಇಷ್ಟವಾದದ್ದು ನನ್ನ ಅಲಂಕಾರವೇ. ಟೀಚರ್ ಕೆನ್ನೆಗೆ ಕೈಯಿಟ್ಟುಕೊಂಡು ಮೆಚ್ಚಿದರು. ಆಮೇಲೆ ಹೊಸ ಸೂಟು ಹಾಕಿಕೊಂಡು ಯಜಮಾನ ಹೆಂಡತಿಯ ಜೊತೆ ಬಂದ. ಅವನ ಮೈಯಿಂದ ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ತನ್ನ ಹಾರ ಹಾಕಿದ ಫೋಟೋದ ಪಕ್ಕದಲ್ಲಿ ನಿಂತು ಹಲ್ಲುಬಿಟ್ಟ. ನಾನೂ ಅಕ್ಕನೂ ಒಬ್ಬರನ್ನೊಬ್ಬರು ಚಿವುಟಿಕೊಂಡು ನಗು ತಡೆದೆವು. ಅಷ್ಟರಲ್ಲೇ ನಾನು ಸುಮ್ಮನಾಗಿದ್ದರೆ ಸಾಕಿತ್ತು. ಆದರೆ ಅವನಿಗೆ ಗೊತ್ತಾಗದ ಸೇಡು ಎಂಥ ಸೇಡು ಎನ್ನಿಸಿತು. ಅವನು ನನ್ನ ತಲೆ ಸವರಿ, ಇದರ ಅರ್ಥವೇನು ಎಂದು ಕೇಳಿದಾಗ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. "ನಮ್ಮ ಮನೆಯಲ್ಲಿ ಸತ್ತವರ ಫೋಟೋಗೆ ಹೀಗೆ ಮಾಡುತ್ತೇವೆ."

ಡೋನಟ್ ಅಗಿಯುವ ಸದ್ದೂ ನಿಂತಿತು. ಅವನ ಹೆಂಡತಿ ಅವನ ತೋಳು ಹಿಡಿದುಕೊಂಡಳು. ಅವನ ಮುಖ ಬೀಟ್‌ರೂಟ್ ಆಯಿತು. ಆಗಲೇ ಬಾಗಿಲು ತೆರೆದು ಅಪ್ಪ ಒಳಗೆ ಬಂದರು, ಬೂಟಿಗೆ ಇನ್ನೂ ಹುಲ್ಲು ಅಂಟಿಕೊಂಡಿತ್ತು. ಟೀಚರ್ ಅವರ ಹತ್ತಿರ ಹೋಗಿ ಪಿಸುಗುಟ್ಟಿದರು. ಅಪ್ಪ ಫೋಟೋ ನೋಡಿದರು, ನನ್ನನ್ನು ನೋಡಿದರು.

ಹುಲ್ಲು ಮೂಸಿದ್ದು ನಮ್ಮಪ್ಪ ಎಂದು ನಾನು ಕೂಗಬೇಕಾಗಿದ್ದದ್ದು ಆಗ. ಅದೊಂದೇ ಮಾತು ಹೇಳಿದ್ದರೆ ಸಾಕಿತ್ತು. ಶಾಪ ಹಾಕಲು ಬಂದ ನಾಲಿಗೆ ನಿಜ ಹೇಳಲು ಏಳಲಿಲ್ಲ, ಬಾಯಿ ಒಣಗಿ ಹೋಯಿತು. ಅಪ್ಪ ನಿಧಾನವಾಗಿ ಮುಂದೆ ಹೋಗಿ, ತಮ್ಮ ಕೈಯಿಂದಲೇ ಹಾರ ತೆಗೆದರು. ಜೇಬಿನಿಂದ ಕರವಸ್ತ್ರ ತೆಗೆದು ಕುಂಕುಮ ಒರೆಸಿದರು. ಆಮೇಲೆ ಆ ಮನುಷ್ಯನ ಎದುರು ನಿಂತು, ಮಗುವಿನ ತಪ್ಪನ್ನು ಕ್ಷಮಿಸಬೇಕು ಎಂದು ಕೇಳಿಕೊಂಡರು. ಕ್ಷಮೆ ಕೇಳಬೇಕಾಗಿದ್ದವನ ಹತ್ತಿರ ಅಪ್ಪ ಕ್ಷಮೆ ಕೇಳಿದರು!

"ಪರವಾಗಿಲ್ಲ ಡಾಕ್, ನಿಮ್ಮ ಕಡೆಯವರ ಪದ್ಧತಿಗಳೇ ಬೇರೆ" ಎಂದು ಯಜಮಾನ ಅಪ್ಪನ ಬೆನ್ನು ತಟ್ಟಿದ. ಜನ ಚಪ್ಪಾಳೆ ಹೊಡೆದರು. ಎಂಥ ದೊಡ್ಡ ಮನಸ್ಸು ಎಂದರು. ಮರುವಾರದ ಪತ್ರಿಕೆಯಲ್ಲಿ ಅವನು ಅಪ್ಪನ ಕೈ ಕುಲುಕುವ ಫೋಟೋ ಬಂತು. ಅಡಿಯಲ್ಲಿ ಅವನ ಪೂರ್ತಿ ಹೆಸರಿತ್ತು. ಅಪ್ಪನ ಹೆಸರಿನ ಜಾಗದಲ್ಲಿ 'ಸ್ಥಳೀಯ ಪಶುವೈದ್ಯ' ಎಂದಿತ್ತು. ನನ್ನ ಸೇಡಿನಿಂದ ಅವನಿಗೆ ಇನ್ನಷ್ಟು ಹೆಸರು ಬಂತು, ಅಷ್ಟೇ.

ಅವತ್ತು ವಾಪಸ್ಸು ಬರುವಾಗ ನಾನು ಕಾರಿನ ಹಿಂದಿನ ಸೀಟಿನಲ್ಲಿ ಬಿಕ್ಕುತ್ತಿದ್ದೆ. ಆ ದೊಡ್ಡ ಕೊಟ್ಟಿಗೆ ದಾಟಿದ ಮೇಲೆ ಅಪ್ಪ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು. ಅವರ ಭುಜ ಅಲುಗಾಡುತ್ತಿತ್ತು. ಅಳುತ್ತಿದ್ದಾರೆ ಎಂದು ಹೆದರಿ ಮುಂದಕ್ಕೆ ಬಗ್ಗಿ ನೋಡಿದೆ. ಅಪ್ಪ ನಗುತ್ತಿದ್ದರು.

"ಕುಂಕುಮಾನ ನೀನು ಸರಿಯಾಗಿ ನಡುಹಣೆಗೇ ಇಟ್ಟಿದ್ದೆ ಕಣೇ" ಎಂದು ಕಣ್ಣೊರೆಸಿಕೊಂಡರು. ಎಷ್ಟು ಹೊತ್ತಾದರೂ ಅವರ ನಗು ನಿಲ್ಲಲಿಲ್ಲ. ಹಸು ಬದುಕಿತಲ್ಲ ಬಿಡು ಎಂದಿದ್ದ ಅಪ್ಪನಿಗೂ ಒಳಗೆಲ್ಲೋ ಹೊಟ್ಟೆ ಉರಿದಿತ್ತು ಎಂದು ನನಗೆ ಗೊತ್ತಾದದ್ದು ಆಗಲೇ. ಆಮೇಲೆ ಆ ಮಾತನ್ನು ಅವರು ಎಂದೂ ಎತ್ತಲಿಲ್ಲ. ಯಜಮಾನ ಅದರ ನಂತರವೂ ಎಷ್ಟೋ ವರ್ಷ ಗುಂಡುಕಲ್ಲಿನ ಹಾಗೆ ಬದುಕಿದ. ನನ್ನ ಹಾರದಿಂದ ಅವನ ಒಂದು ಕೂದಲೂ ಕೊಂಕಲಿಲ್ಲ.

ನನ್ನ ಮೊಮ್ಮಕ್ಕಳ ಕಾಲ ಬೇರೆ. ಅವರು ಮೆಟುಚೆನ್ ಪಟ್ಟಣದಲ್ಲಿ ಬೆಳೆಯುತ್ತಿದ್ದಾರೆ. ಸಗಣಿಯ ವಾಸನೆ ಬಂದರೆ ಕಾರಿನ ಕಿಟಕಿ ಏರಿಸುತ್ತಾರೆ. ಅವರ ತರಗತಿಯಲ್ಲಿ ನಮ್ಮಂಥ ಹೆಸರಿನವರೇ ಅರ್ಧ ಜನ. ಯಾರಾದರೂ ಅವರ ಕೆಲಸವನ್ನು ತಮ್ಮದೆಂದರೆ ಕೈಯೆತ್ತಿ ಹೇಳುತ್ತಾರೆ, ಟೀಚರ್ ಕೇಳುತ್ತಾರೆ. ಬಾಯಿ ಒಣಗುವುದು ಎಂದರೇನೆಂದು ಅವರಿಗೆ ಗೊತ್ತಿಲ್ಲ. ನನಗೆ ಅದರಿಂದ ಸಂತೋಷವೂ ಆಗುತ್ತದೆ, ಸ್ವಲ್ಪ ಹೊಟ್ಟೆಕಿಚ್ಚೂ ಆಗುತ್ತದೆ.

ಈಚೆಗೆ ಈ ಕಥೆ ಹೇಳಿದಾಗ ಮೊಮ್ಮಗಳು, "ಅಜ್ಜಿ, ದಟ್ಸ್ ಸೋ ಅನ್‌ಫೇರ್!" ಎಂದು ಎದ್ದು ನಿಂತಳು. ಫೋನಿನಲ್ಲಿ ಆ ಕೌಂಟಿಯ ಹೆಸರಾಂತರ ಪಟ್ಟಿ ಹುಡುಕಿದಳು. ಯಾರು ಬೇಕಾದರೂ ತಿದ್ದಬಹುದಾದ ಪುಟವಂತೆ ಅದು. ಯಜಮಾನ ಅಲ್ಲೂ ಇದ್ದ, ಹಸುಗಳನ್ನೂ ಉಳಿಸಿದ್ದ. ಅವಳು ಅವನ ಕೆಳಗೆ ಅಪ್ಪನ ಹೆಸರು ಸೇರಿಸಿದಳು. ಊಟ ಮುಗಿಸಿ ಬಂದು ನೋಡಿದರೆ ಹೆಸರು ಇಲ್ಲ! ಮುಖ ಕಾಣದ ಯಾರೋ ಅಳಿಸಿ, ಎಲ್ಲಾದರೂ ಅಚ್ಚಾಗಿರುವ ಆಧಾರ ಬೇಕು ಎಂದು ಬರೆದಿದ್ದರು.

ಆಧಾರ ತಾನೇ? ಅದಕ್ಕೇ ಕೂತು ಇದನ್ನು ಬರೆದೆ. ಆ ಚಳಿಗಾಲದಲ್ಲಿ ಹುಲ್ಲನ್ನು ಮೂಸಿ, ಬೂಷ್ಟನ್ನು ಕಂಡುಹಿಡಿದು, ಆ ಕೌಂಟಿಯ ಹಸುಗಳನ್ನು ಉಳಿಸಿದವರು ದನದ ಡಾಕ್ಟರ್ ಹೊಸಕೆರೆ ಗುರುಶಾಂತಪ್ಪ. ನಮ್ಮಪ್ಪ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇನ್ನು ಆ ಇನ್ನೊಬ್ಬನ ಹೆಸರು ನನಗೆ ಚೆನ್ನಾಗಿ ಗೊತ್ತು, ಅದರ ಒಂದೊಂದು ಅಕ್ಷರವೂ ಗೊತ್ತು. ಅದನ್ನು ನಾನು ಇಲ್ಲಿ ಎಲ್ಲೂ ಬರೆದಿಲ್ಲ, ಬರೆಯುವುದೂ ಇಲ್ಲ.